180 ಡಿಗ್ರಿ ಬಿಟ್‌ನಲ್ಲಿ ಮಾತ್ರ 2.7 ಗಿಗಾಹರ್ಟ್ಸ್ ಬಳಿ ಗುಂಡಿ ಬೀಳುತ್ತಿದೆ: ಫೇಸ್ ಶಿಫ್ಟರಿನ ಬಗೆಯನ್ನೇ ಬದಲಿಸಬೇಕೇ?

ಅರ್ಧತರಂಗ
ಎಲ್ಲರಿಗೂ ನಮಸ್ಕಾರ. ಸ್ನಾತಕೋತ್ತರ ಪ್ರಾಜೆಕ್ಟಿಗಾಗಿ ಎಂಟು ಡೈಪೋಲ್‌ಗಳ (ಸರಳ ಕಡ್ಡಿ ಆಂಟೆನಾಗಳ) ಒಂದು ಸಾಲನ್ನು ಮಾಡುತ್ತಿದ್ದೇನೆ. ಆಂಟೆನಾವನ್ನು ಅಲುಗಾಡಿಸದೆ ಬೀಮನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿಯವರೆಗೆ ತಿರುಗಿಸಬೇಕು. ಆವೃತ್ತಿ 2.5ರಿಂದ 3.5 ಗಿಗಾಹರ್ಟ್ಸ್, ನಡುವಿನದು 3. ಪ್ರತಿ ಡೈಪೋಲಿನ ಹಿಂದೆ, ಅಲೆಯ ಫೇಸನ್ನು (ಏರಿಳಿತದ ಹಂತವನ್ನು) ಸರಿಸುವ ನಾಲ್ಕು ಬಿಟ್‌ಗಳ ಫೇಸ್ ಶಿಫ್ಟರ್ ಇರುತ್ತದೆ, ಅಂದರೆ ಬೇಕಾದಂತೆ ಸೇರಿಸಬಹುದಾದ 180, 90, 45 ಮತ್ತು 22.5 ಡಿಗ್ರಿ. ಎಲ್ಲವೂ ಸ್ವಿಚ್ಡ್ ಲೈನ್ ಬಗೆಯವು: ಒಂದು ಗಿಡ್ಡ ತೋಳು, ಒಂದು ಉದ್ದ ತೋಳು, ಯಾವುದರಲ್ಲಿ ಸಂಕೇತ ಹೋಗಬೇಕೆಂಬುದನ್ನು ಸ್ವಿಚ್ಚುಗಳಂತೆ ಕೆಲಸ ಮಾಡುವ ನಾಲ್ಕು ಪಿನ್ ಡಯೋಡ್‌ಗಳು ನಿರ್ಧರಿಸುತ್ತವೆ. ಬೋರ್ಡು 1.6 ಮಿ.ಮೀ. ದಪ್ಪದ, ಗಾಜಿನೆಳೆ-ಎಪಾಕ್ಸಿಯ ಸಾಮಾನ್ಯ ಎಫ್‌ಆರ್-4. ಅದರ ಮೇಲೆ 3 ಗಿಗಾಹರ್ಟ್ಸ್‌ನ ತರಂಗಾಂತರ ಸುಮಾರು 55 ಮಿ.ಮೀ. ಬರುವುದರಿಂದ 180 ಡಿಗ್ರಿಗೆ 27.5 ಮಿ.ಮೀ. ಹೆಚ್ಚಿನ ಉದ್ದ ಕೊಟ್ಟಿದ್ದೇನೆ.

ಪ್ರತಿ ಬಿಟ್ಟನ್ನೂ ಬೇರೆ ಬೇರೆ ಬೋರ್ಡಿನಲ್ಲಿ ಮಾಡಿ, ಯಾವ ಆವೃತ್ತಿಯಲ್ಲಿ ಎಷ್ಟು ಸಂಕೇತ ದಾಟುತ್ತದೆಂದು ತೋರಿಸುವ ನೆಟ್‌ವರ್ಕ್ ಅನಲೈಸರಿಗೆ ಹಾಕಿ ನೋಡಿದೆ. ಮೂರು ಚಿಕ್ಕ ಬಿಟ್‌ಗಳು ಸರಿಯಾಗಿವೆ. 180ರ ಬಿಟ್‌ನಲ್ಲಿ ಮಾತ್ರ 2.7 ಗಿಗಾಹರ್ಟ್ಸ್ ಹತ್ತಿರ ನಾಲ್ಕು ಡಿಬಿ ಆಳದ ಗುಂಡಿ ಕಾಣುತ್ತದೆ, ಅಂದರೆ ಅಲ್ಲಿ ಸಂಕೇತ ಕುಗ್ಗುತ್ತದೆ. ವಿಚಿತ್ರವೆಂದರೆ ಅದು ಉದ್ದ ತೋಳಿನಲ್ಲಿ ಸಂಕೇತ ಹೋಗುವಾಗ ಇಲ್ಲ, ಗಿಡ್ಡ ತೋಳಿನಲ್ಲಿ ಹೋಗುವಾಗ ಇದೆ. ಈ ಬಗೆಯನ್ನೇ ಬಿಟ್ಟು ಬೇರೆಯದಕ್ಕೆ ಹೋಗಬೇಕೇ?

ಡಯೋಡ್ ದಾಸ
ಚೋಕ್ (ಡಿಸಿಯನ್ನು ಬಿಟ್ಟು ಸಂಕೇತವನ್ನು ತಡೆಯುವ ಸುರುಳಿ) ನೋಡಿ. ಬಯಾಸ್ (ಡಯೋಡನ್ನು ಹಚ್ಚುವ, ಆರಿಸುವ ಡಿಸಿ) ಕೊಡಲು 100 ನ್ಯಾನೊಹೆನ್ರಿಯ ಚಿಪ್ ಇಂಡಕ್ಟರ್ ಹಾಕಿದ್ದರೆ ಅದು 3 ಗಿಗಾಹರ್ಟ್ಸ್ ತಲುಪುವ ಮೊದಲೇ ತನ್ನದೇ ರೆಸೊನೆನ್ಸ್ (ಅನುರಣನ) ದಾಟಿ ಕೆಪಾಸಿಟರಿನಂತೆ ವರ್ತಿಸುತ್ತದೆ. ನಾನು ಎರಡು ಬಾರಿ ಇದೇ ಗುಂಡಿಗೆ ಬಿದ್ದವನು.

ಅರ್ಧತರಂಗ
ಡಯೋಡ್ ದಾಸ ಅವರೇ, 100 ನ್ಯಾನೊಹೆನ್ರಿಯದ್ದೇ ಹಾಕಿದ್ದೇನೆ, ಅದನ್ನು ಒಪ್ಪುತ್ತೇನೆ. ಆದರೆ ನಾಲ್ಕೂ ಬಿಟ್‌ಗಳಲ್ಲಿ ಅದೇ ಚೋಕ್ ಇದೆ, ಗುಂಡಿ ಇರುವುದು ಒಂದರಲ್ಲೇ.

ಸ್ಮಿತ್‌ಚಾರ್ಟ್ ಅಕ್ಕ
ಚೋಕ್ ಅಲ್ಲ. ನೀವು ಆಫ್ ಮಾಡಿದ ತೋಳು ನಿಜವಾಗಿ ಆರಿಲ್ಲ, ಅಷ್ಟೇ.

ಹಿಮ್ಮುಖ ಬಯಾಸಿನಲ್ಲಿರುವ ಪಿನ್ ಡಯೋಡು ತೆರೆದ ಸ್ವಿಚ್ ಅಲ್ಲ, ಅದೊಂದು ಚಿಕ್ಕ ಕೆಪಾಸಿಟರ್. ನಿಮ್ಮ ಡಯೋಡಿಗೆ 0.1 ಪಿಕೊಫ್ಯಾರಡ್ ಎಂದು ಹಿಡಿದರೂ 3 ಗಿಗಾಹರ್ಟ್ಸ್‌ನಲ್ಲಿ ಅದರ ತಡೆ ಸುಮಾರು 530 ಓಮ್ ಮಾತ್ರ. ಗಿಡ್ಡ ತೋಳಿನಲ್ಲಿ ಸಂಕೇತ ಸಾಗುತ್ತಿರುವಾಗ ಉದ್ದ ತೋಳು ಎರಡೂ ತುದಿಗಳಲ್ಲಿ ಇಂಥ ಕೆಪಾಸಿಟರುಗಳ ಮೂಲಕ ಮುಖ್ಯ ದಾರಿಗೆ ಅಂಟಿಕೊಂಡೇ ಇರುತ್ತದೆ. ಹಾಗೆ ಅಂಟಿಕೊಂಡ ತೋಳಿನ ಉದ್ದ ಅರ್ಧ ತರಂಗಾಂತರಕ್ಕೆ ಸಮೀಪಿಸಿದರೆ ಅದು ರೆಸೊನೇಟರ್ ಆಗಿ ಶಕ್ತಿಯನ್ನು ಹೀರುತ್ತದೆ, ಇನ್ನೊಂದು ತುದಿಯಲ್ಲಿ ತಪ್ಪು ಫೇಸ್‌ನಲ್ಲಿ ಒಂದಿಷ್ಟನ್ನು ಹೊರಗೂ ಬಿಡುತ್ತದೆ. ನಿಮ್ಮ ಗಿಡ್ಡ ತೋಳು ಎಷ್ಟು ಡಿಗ್ರಿ?

ಅರ್ಧತರಂಗ
ನಷ್ಟ ಕಡಿಮೆಯಾಗಲೆಂದು ಆದಷ್ಟು ಚಿಕ್ಕದಾಗಿ ಇಟ್ಟಿದ್ದೇನೆ, ಸುಮಾರು 10 ಡಿಗ್ರಿ. ಹಾಗಾಗಿ ಉದ್ದನೆಯದು 190.

ಸ್ಮಿತ್‌ಚಾರ್ಟ್ ಅಕ್ಕ
ಹಾಗಾದರೆ ಲೆಕ್ಕ ಮುಗಿಯಿತು. ತುದಿಯ ಕೆಪಾಸಿಟರುಗಳು ತಲಾ ಐದೂವರೆ ಡಿಗ್ರಿಯಷ್ಟು ಉದ್ದವನ್ನು ಸೇರಿಸಿದಂತೆ ಆಗುವುದರಿಂದ ತೋಳು 180ಕ್ಕಲ್ಲ, 169 ಡಿಗ್ರಿ ಇರುವಲ್ಲೇ ರೆಸೊನೆನ್ಸ್‌ಗೆ ಬರುತ್ತದೆ. 3 ಗಿಗಾಹರ್ಟ್ಸ್‌ನಲ್ಲಿ 190 ಇರುವ ತೋಳು 169 ಆಗುವುದು 2.67 ಗಿಗಾಹರ್ಟ್ಸ್‌ನಲ್ಲಿ. ನೀವು ನೋಡಿದ್ದು 2.7.

ನಂಬಿಕೆ ಬರದಿದ್ದರೆ ಒಂದು ಪರೀಕ್ಷೆ ಮಾಡಿ. ಗಿಡ್ಡ ತೋಳಿನ ಸ್ಥಿತಿಯಲ್ಲಿಟ್ಟು, ಅನಲೈಸರ್ ಓಡುತ್ತಿರುವಾಗಲೇ, ಆರಿರುವ ಉದ್ದ ತೋಳನ್ನು ಬೆರಳಿನಿಂದ ಮುಟ್ಟುತ್ತ ಹೋಗಿ.

ಬಿಟ್ ಬಸವ
ಬೆರಳಿನಲ್ಲಿ ಮೈಕ್ರೊವೇವ್ ಅಳತೆ! ನಮ್ಮ ಕಾಲೇಜಿನಲ್ಲಿ ಹೀಗೆ ಮಾಡಿದ್ದರೆ ಲ್ಯಾಬಿನಿಂದ ಹೊರಗೆ ನಿಲ್ಲಿಸುತ್ತಿದ್ದರು.

ಅರ್ಧತರಂಗ
ಈಗಷ್ಟೇ ಮಾಡಿ ಬಂದೆ. ತೋಳಿನ ನಟ್ಟನಡುವೆ ಬೆರಳಿಟ್ಟಾಗ ಏನೂ ಆಗಲಿಲ್ಲ, ಗೆರೆ ಅಲುಗಲೇ ಇಲ್ಲ. ನಿಮ್ಮ ಮಾತು ಸುಳ್ಳಾಯಿತೆಂದುಕೊಂಡು ಬೆರಳನ್ನು ಹಾಗೆಯೇ ತುದಿಯ ಕಡೆಗೆ ಜಾರಿಸಿದೆ. ಡಯೋಡಿನ ಹತ್ತಿರ ಬರುತ್ತಿದ್ದಂತೆ ಗುಂಡಿಯೂ 2.7ರಿಂದ ಕೆಳಕ್ಕೆ ಜಾರತೊಡಗಿ, ಆಳ ಕಡಿಮೆಯಾಗಿ, ಅಗಲವಾಗಿ ಹರಡಿಕೊಂಡಿತು. ಬೆರಳು ತೆಗೆದರೆ ಮತ್ತೆ ಅದೇ ಜಾಗಕ್ಕೆ ಬಂದು ಕುಳಿತುಕೊಳ್ಳುತ್ತದೆ. ಸಂಕೇತವೇ ಹೋಗದ ತೋಳನ್ನು ಮುಟ್ಟಿದರೆ ಹೀಗಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮೇಲೂ ನಂಬಲು ಸ್ವಲ್ಪ ಹೊತ್ತು ಹಿಡಿಯಿತು.

ಸ್ಮಿತ್‌ಚಾರ್ಟ್ ಅಕ್ಕ
ಅರ್ಧ ತರಂಗದ ರೆಸೊನೇಟರಿನಲ್ಲಿ ವೋಲ್ಟೇಜು ತುದಿಗಳಲ್ಲಿ ಗರಿಷ್ಠ, ನಡುವೆ ಸೊನ್ನೆ. ನಿಮ್ಮ ಚೋಕ್ ಬಂದು ಸೇರುವುದೂ ತೋಳಿನ ನಡುವೆಯೇ ಅಲ್ಲವೇ? ಹಾಗಾಗಿ ಅದಕ್ಕೂ ಈ ಗುಂಡಿಗೂ ಸಂಬಂಧವಿಲ್ಲ.

ಡಯೋಡ್ ದಾಸ
ಸೋತೆ, ಒಪ್ಪಿಕೊಂಡೆ. ಆದರೆ ಪರಿಹಾರ ಸುಲಭವಿದೆಯಲ್ಲ, ತೋಳಿನ ನಡುವೆ ಒಂದು ಷಂಟ್ ಡಯೋಡ್ ಹಾಕಿ, ತೋಳು ಆರಿರುವಾಗ ಅದನ್ನು ಗ್ರೌಂಡಿಗೆ ಕಟ್ಟಿಬಿಡಲಿ.

ಶಿವಮೊಗ್ಗ ಸಿಗ್ನಲ್
ಮೇಲಿನ ಉತ್ತರವನ್ನು ಇನ್ನೊಮ್ಮೆ ಓದಿ ಸ್ವಾಮಿ. ಸೊನ್ನೆ ವೋಲ್ಟೇಜು ಇರುವಲ್ಲೇ ಗ್ರೌಂಡ್ ಮಾಡಿದರೆ ರೆಸೊನೆನ್ಸ್‌ಗೆ ಅದು ಗೊತ್ತೇ ಆಗುವುದಿಲ್ಲ. ಒಂದು ಅರ್ಧತರಂಗದ ಬದಲು ಎರಡು ಕಾಲುತರಂಗದ ತುಂಡುಗಳು ಆಗುತ್ತವೆ, ಒಂದೊಂದೂ ತನ್ನ ತುದಿಯಲ್ಲಿ ಅದೇ ಆವೃತ್ತಿಯಲ್ಲಿ ಶಕ್ತಿ ಹೀರುತ್ತದೆ. ಷಂಟ್ ಹಾಕುವುದಾದರೆ ತುದಿಗಳಲ್ಲಿ, ಸರಣಿ ಡಯೋಡಿನ ಬೆನ್ನಿಗೇ ಹಾಕಬೇಕು. ಆಗ ಬಿಟ್ಟೊಂದಕ್ಕೆ ಎಂಟು ಡಯೋಡುಗಳಾಗುತ್ತವೆ.

ಅದಕ್ಕಿಂತ ಅಗ್ಗದ ದಾರಿ ಎಂದರೆ ಎರಡೂ ತೋಳುಗಳನ್ನು ಉದ್ದ ಮಾಡುವುದು. ಬೇಕಾಗಿರುವುದು ವ್ಯತ್ಯಾಸ ಮಾತ್ರ ತಾನೇ? ಗಿಡ್ಡ ತೋಳಿಗೆ 60, ಉದ್ದ ತೋಳಿಗೆ 240 ಕೊಡಿ. ಆಗ ಉದ್ದ ತೋಳಿನ ಮೊದಲ ರೆಸೊನೆನ್ಸ್ 2.1 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ, ಎರಡನೆಯದು 4.3ರ ಆಚೆಗೆ ಹೋಗುತ್ತದೆ, ನಿಮ್ಮ ಆವೃತ್ತಿ ಪಟ್ಟಿ ಎರಡರ ನಡುವೆ ನೆಮ್ಮದಿಯಾಗಿರುತ್ತದೆ. ಹೆಚ್ಚುವರಿ ಉದ್ದದಿಂದ ಆಗುವ ನಷ್ಟವನ್ನು ನೆನೆದು ಹೆದರಬೇಡಿ. 3 ಗಿಗಾಹರ್ಟ್ಸ್‌ನಲ್ಲಿ ಎಫ್‌ಆರ್-4 ತಿನ್ನುವುದು ಸೆಂಟಿಮೀಟರಿಗೆ ಹೆಚ್ಚುಕಡಿಮೆ 0.1 ಡಿಬಿ. ಸಂಕೇತದ ದಾರಿಯಲ್ಲಿ ಬರುವ ಎರಡು ಡಯೋಡುಗಳು ತಲಾ ಒಂದೂವರೆ ಓಮ್ ಎಂದರೂ 0.26 ಡಿಬಿ ತಿನ್ನುತ್ತವೆ. 240 ಡಿಗ್ರಿಯ ತೋಳು ಪೂರ್ತಿ ಸೇರಿಸಿದರೆ ಬಿಟ್ಟಿಗೆ ಮುಕ್ಕಾಲು ಡಿಬಿಯ ಒಳಗೆ ಮುಗಿಯಬೇಕು.

ಬಿಟ್ ಬಸವ
ಇಷ್ಟೆಲ್ಲ ಪಾಡು ಏಕೆ? ಪಟ್ಟಿಯ ಒಂದು ತುದಿಯಿಂದ ಇನ್ನೊಂದಕ್ಕೆ ಹೋದರೆ ಸ್ವಿಚ್ಡ್ ಲೈನಿನ 180 ಡಿಗ್ರಿ 180 ಆಗಿಯೇ ಉಳಿಯುವುದಿಲ್ಲ. 2.5ರಲ್ಲಿ 150, 3.5ರಲ್ಲಿ 210. ಮೂವತ್ತು ಡಿಗ್ರಿ ತಪ್ಪಿಟ್ಟುಕೊಂಡು 22.5ರ ಬಿಟ್ ಹಾಕುವುದರಲ್ಲಿ ಏನು ಅರ್ಥವಿದೆ? ರಿಫ್ಲೆಕ್ಷನ್ ಬಗೆಯನ್ನು ಮಾಡಿ. ಶಕ್ತಿಯನ್ನು ಸಮನಾಗಿ ಎರಡಾಗಿ ಹಂಚುವ, ನಾಲ್ಕು ಬಾಗಿಲುಗಳ 90 ಡಿಗ್ರಿಯ ಹೈಬ್ರಿಡ್ ಕಪ್ಲರಿನ ಎರಡು ಬಾಗಿಲುಗಳಿಗೆ ಒಂದೇ ರೀತಿಯ ಡಯೋಡುಗಳನ್ನು ಕಟ್ಟಿದರೆ, ಅವುಗಳಿಂದ ಮರಳಿದ ಅಲೆಗಳು ಒಳಬಂದ ಬಾಗಿಲಿನಲ್ಲಿ ಒಂದನ್ನೊಂದು ಕಳೆದು ನಾಲ್ಕನೆಯದರಲ್ಲಿ ಕೂಡಿ ಹೊರಬರುತ್ತವೆ. ಬಿಟ್ಟಿಗೆ ಎರಡೇ ಡಯೋಡು ಸಾಕು.

ಸ್ಮಿತ್‌ಚಾರ್ಟ್ ಅಕ್ಕ
ಬಸವ ಅವರೇ, ಡಯೋಡಿನ ಲೆಕ್ಕ ಸರಿ. ಆದರೆ ಸಾಮಾನ್ಯ ಬ್ರಾಂಚ್‌ಲೈನ್ ಹೈಬ್ರಿಡ್ ಹತ್ತರಿಂದ ಇಪ್ಪತ್ತು ಶೇಕಡಾ ಪಟ್ಟಿಯಲ್ಲಿ ಮಾತ್ರ ಸಜ್ಜನಿಕೆಯಿಂದ ವರ್ತಿಸುತ್ತದೆ, ಇವರಿಗೆ ಬೇಕಾಗಿರುವುದು 33 ಶೇಕಡಾ. ಹೆಚ್ಚು ಅಗಲಪಟ್ಟಿಯ ಲ್ಯಾಂಗ್ ಕಪ್ಲರ್ ಮಾಡಲು ಈ ಎಫ್‌ಆರ್-4 ಬೋರ್ಡಿನ ಮೇಲೆ ಅಷ್ಟು ಸಣ್ಣ ಸಂದುಗಳನ್ನು ಕೊರೆಯಲಾಗುವುದಿಲ್ಲ. ಎರಡು ಹಂತದ ಬ್ರಾಂಚ್‌ಲೈನ್ ಮಾಡಬಹುದು, ಆದರೆ ಎಂಟು ಡೈಪೋಲುಗಳ ಹಿಂದೆ ಅದಕ್ಕೆ ಜಾಗ ಎಲ್ಲಿ? ಡೈಪೋಲುಗಳ ಅಂತರವೇ 50 ಮಿ.ಮೀ.

ಫೇಸ್ ಸಮತಟ್ಟಾಗಿರಲೇಬೇಕಾದರೆ 180ರ ಬಿಟ್ಟಿಗೆ ಹೈಪಾಸ್-ಲೋಪಾಸ್ ಬಗೆ (ಮೇಲಿನ ಆವೃತ್ತಿಗಳನ್ನು ಬಿಡುವ ಒಂದು ಫಿಲ್ಟರ್, ಕೆಳಗಿನವನ್ನು ಬಿಡುವ ಇನ್ನೊಂದು) ಒಳ್ಳೆಯದು. ಗಾರ್ವರ್ 1972ರಲ್ಲಿ ಅಗಲಪಟ್ಟಿಯ ಡಯೋಡ್ ಫೇಸ್ ಶಿಫ್ಟರುಗಳ ಮೇಲೆ ಬರೆದ ಲೇಖನದ ನಂತರ ಅದು ಎಲ್ಲರ ಕೈಗೆ ಬಂತು. ಒಂದು ದಾರಿಯ ಫಿಲ್ಟರ್ ಫೇಸನ್ನು 90 ಡಿಗ್ರಿ ಹಿಂದೆ ತಳ್ಳುತ್ತದೆ, ಇನ್ನೊಂದು 90 ಡಿಗ್ರಿ ಮುಂದೆ ಎಳೆಯುತ್ತದೆ. ಆವೃತ್ತಿ ಬದಲಾದಾಗ ಎರಡೂ ಒಂದೇ ದಿಕ್ಕಿಗೆ ವಾಲುವುದರಿಂದ ವ್ಯತ್ಯಾಸ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. 3 ಗಿಗಾಹರ್ಟ್ಸ್‌ನಲ್ಲಿ 50 ಓಮ್‌ಗೆ ಬೇಕಾಗುವ ಇಂಡಕ್ಟರ್ 2.65 ನ್ಯಾನೊಹೆನ್ರಿ, ಕೆಪಾಸಿಟರ್ 1.06 ಪಿಕೊಫ್ಯಾರಡ್.

ಡಯೋಡ್ ದಾಸ
ಆ 2.65 ನ್ಯಾನೊಹೆನ್ರಿಯಲ್ಲಿ 1.6 ಮಿ.ಮೀ. ಬೋರ್ಡಿನ ಒಂದು ವಯಾ (ಗ್ರೌಂಡಿಗೆ ಇಳಿಯುವ, ತಾಮ್ರ ಲೇಪಿಸಿದ ರಂಧ್ರ) ತಾನೇ ಸುಮಾರು 1 ನ್ಯಾನೊಹೆನ್ರಿ ನುಂಗುತ್ತದೆ. ಗ್ರೌಂಡಿಗೆ ಹೋಗುವ ಇಂಡಕ್ಟರನ್ನು ಅಂಗಡಿಯ 2.7ರದ್ದು ತಂದು ಹಾಕಿದರೆ ಒಟ್ಟು 3.7 ಆಗಿರುತ್ತದೆ. ಈ ಬಾರಿ ನಾನು ಸೋಲುವುದಿಲ್ಲ.

ಸ್ಮಿತ್‌ಚಾರ್ಟ್ ಅಕ್ಕ
ಈ ಬಾರಿ ನೀವೇ ಸರಿ. ವಯಾವನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಚಿಕ್ಕ ಇಂಡಕ್ಟರ್ ಆರಿಸಬೇಕು, ಇಲ್ಲವೇ ತೆಳು ಬೋರ್ಡಿಗೆ ಹೋಗಬೇಕು.

ಅರ್ಧತರಂಗ
ಒಂದು ಸಂದೇಹ. ಸ್ವಿಚ್ಡ್ ಲೈನ್ ನಿಜವಾದ ಕಾಲವಿಳಂಬವನ್ನೇ ಕೊಡುತ್ತದೆ, ಆದ್ದರಿಂದ ಆವೃತ್ತಿ ಬದಲಾದರೂ ಬೀಮ್ ದಿಕ್ಕು ತಪ್ಪುವುದಿಲ್ಲ ಎಂದು ತಿಳಿದಿದ್ದೆ. ಹಾಗಾದರೆ ಬಸವ ಅವರು ಹೇಳಿದ 150 ಮತ್ತು 210 ತಪ್ಪೇ ಅಲ್ಲ, ನಮಗೆ ಬೇಕಾಗಿರುವುದೇ ಅದು, ಅಲ್ಲವೇ?

ಶಿವಮೊಗ್ಗ ಸಿಗ್ನಲ್
ಅರ್ಧ ನಿಜ. ಎಂಟು ಡೈಪೋಲುಗಳ ಸಾಲಿನಲ್ಲಿ 45 ಡಿಗ್ರಿಗೆ ತಿರುಗಿಸಿದಾಗ ಮೊದಲನೆಯದಕ್ಕೂ ಕೊನೆಯದಕ್ಕೂ ನಡುವಿನ ದಾರಿಯ ವ್ಯತ್ಯಾಸ 2.47 ತರಂಗಾಂತರ. ನಿಮ್ಮ ಶಿಫ್ಟರ್ ಕೊಡಬಲ್ಲದ್ದು ಒಂದಕ್ಕಿಂತ ಕಡಿಮೆ, 337.5 ಡಿಗ್ರಿ ಮಾತ್ರ. ಅದಕ್ಕಿಂತ ಹೆಚ್ಚಾದಲ್ಲಿ 360ರ ಗುಣಕಗಳನ್ನು ಕಳೆದು ಉಳಿದದ್ದನ್ನು ಬರೆಯುತ್ತೀರಿ, ಕಳೆದ ಆ ಕ್ಷಣವೇ ಕಾಲವಿಳಂಬ ಹೋಗಿ ಬರೀ ಫೇಸ್ ಉಳಿಯಿತು. ಅಂದರೆ ಕೆಲವು ಡೈಪೋಲುಗಳು ವಿಳಂಬದಂತೆಯೂ ಕೆಲವು ಫೇಸಿನಂತೆಯೂ ನಡೆದುಕೊಳ್ಳುತ್ತವೆ. ಇದು ಎರಡಕ್ಕಿಂತಲೂ ಕೆಟ್ಟ ಕಲಬೆರಕೆ.

ಪೂರ್ತಿ ಸಮತಟ್ಟಾದ ಫೇಸ್ ಇದ್ದರೆ ಏನಾಗುತ್ತದೆಂಬುದನ್ನೂ ನೋಡಿ. 3 ಗಿಗಾಹರ್ಟ್ಸ್‌ಗೆಂದು 45 ಡಿಗ್ರಿಗೆ ಇಟ್ಟ ಬೀಮ್, ಅದೇ ಫೇಸುಗಳಲ್ಲಿ 2.5ಕ್ಕೆ ಹೋದರೆ 58 ಡಿಗ್ರಿಗೆ ವಾಲುತ್ತದೆ, 3.5ಕ್ಕೆ ಹೋದರೆ 37ಕ್ಕೆ ಬರುತ್ತದೆ. ಆದ್ದರಿಂದ ಕೇಳಬೇಕಾದ ಪ್ರಶ್ನೆಯೇ ಬೇರೆ: ನಿಮ್ಮ ಸಂಕೇತ ಒಮ್ಮೆಗೇ 1 ಗಿಗಾಹರ್ಟ್ಸ್ ಅಗಲವಿದೆಯೇ, ಅಥವಾ ಕಿರಿದಾದ ಸಂಕೇತವನ್ನು ಪಟ್ಟಿಯೊಳಗೆ ಅಲ್ಲಿಂದಿಲ್ಲಿಗೆ ಸರಿಸುತ್ತೀರೋ?

ಅರ್ಧತರಂಗ
ಒಮ್ಮೆಗೆ 20 ಮೆಗಾಹರ್ಟ್ಸ್ ಮಾತ್ರ.

ಶಿವಮೊಗ್ಗ ಸಿಗ್ನಲ್
ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು! 20 ಮೆಗಾಹರ್ಟ್ಸ್‌ನ ಅಂಚಿನಲ್ಲಿ ಬೀಮ್ ಸರಿಯುವುದು 0.2 ಡಿಗ್ರಿ. 45 ಡಿಗ್ರಿಯಲ್ಲಿ ನಿಮ್ಮ ಬೀಮೇ ಸುಮಾರು 18 ಡಿಗ್ರಿ ಅಗಲವಿರುವಾಗ ಅದು ಲೆಕ್ಕಕ್ಕಿಲ್ಲ. ಆವೃತ್ತಿ ಬದಲಿಸಿದಾಗಲೆಲ್ಲ ಕಂಪ್ಯೂಟರ್ ಹೊಸ ಫೇಸುಗಳನ್ನು ಲೆಕ್ಕ ಹಾಕಿ ಬರೆಯಲಿ. ಪ್ರತಿ ಬಿಟ್ ಆಯಾ ಆವೃತ್ತಿಯಲ್ಲಿ ನಿಜವಾಗಿ ಎಷ್ಟು ಡಿಗ್ರಿ ಕೊಡುತ್ತದೆಂಬ ಕೋಷ್ಟಕವನ್ನು ಅಳೆದಿಟ್ಟುಕೊಂಡರೆ 150 ಇದ್ದರೂ 210 ಇದ್ದರೂ ಹದಿನಾರು ಸ್ಥಿತಿಗಳಲ್ಲಿ ಹತ್ತಿರದ್ದನ್ನು ಆರಿಸಬಹುದು. ಬಗೆ ಬದಲಿಸಬೇಕಾಗಿಲ್ಲ.

ಬಿಟ್ ಬಸವ
ಹತ್ತಿರದ್ದು ಎಂದರೆ ಎಷ್ಟು ಹತ್ತಿರ? ನಾಲ್ಕು ಬಿಟ್ ಸಾಲದು ಎಂಬುದೇ ನನ್ನ ವಾದ, ಆರಾದರೂ ಬೇಕು. ಈಗಿನ ಬೀಮ್‌ಫಾರ್ಮರ್ ಚಿಪ್‌ಗಳನ್ನು ನೋಡಿ, ಅನಲಾಗ್ ಡಿವೈಸಸ್‌ನ ಎಡಿಎಆರ್1000 ಚಿಪ್ಪು 8ರಿಂದ 16 ಗಿಗಾಹರ್ಟ್ಸ್‌ವರೆಗೆ ನಾಲ್ಕು ಚಾನೆಲ್‌ಗಳಲ್ಲಿ 2.8 ಡಿಗ್ರಿಯ ಹೆಜ್ಜೆಯಲ್ಲಿ ಫೇಸ್ ಸರಿಸುತ್ತದೆ, ಜೊತೆಗೆ ಪ್ರಮಾಣವನ್ನೂ ಬದಲಿಸುತ್ತದೆ. ಡಯೋಡು ಕಟ್ಟಿಕೊಂಡು ಕೂರುವ ಕಾಲವೇ ಮುಗಿದಿದೆ.

ಸ್ಮಿತ್‌ಚಾರ್ಟ್ ಅಕ್ಕ
ನಾಲ್ಕು ಬಿಟ್‌ಗಳಲ್ಲಿ ಹೆಜ್ಜೆಯ ತಪ್ಪಿನ ಸರಾಸರಿ, ವರ್ಗಮೂಲದ ಲೆಕ್ಕದಲ್ಲಿ, 6.5 ಡಿಗ್ರಿ. ಅದರಿಂದ ಗೇನ್ ಕಳೆದುಹೋಗುವುದು 0.06 ಡಿಬಿ. ಮೂರು ಬಿಟ್ ಹಾಕಿದರೂ ಕಾಲು ಡಿಬಿ ಮುಟ್ಟುವುದಿಲ್ಲ. ಪೆಟ್ಟು ಬೀಳುವುದು ಮುಖ್ಯ ಬೀಮಿನ ಆಚೀಚೆ ಶಕ್ತಿ ಸೋರುವ ಪಕ್ಕದ ಲೋಬ್‌ಗಳಲ್ಲಿ. ತಪ್ಪುಗಳು ಒಂದು ಕ್ರಮದಲ್ಲಿ ಮರುಕಳಿಸಿದರೆ ಬಿಟ್ಟೊಂದಕ್ಕೆ ಸುಮಾರು 6 ಡಿಬಿಯಂತೆ, ನಾಲ್ಕು ಬಿಟ್‌ಗೆ ಮುಖ್ಯ ಬೀಮಿಗಿಂತ 24 ಡಿಬಿ ಕೆಳಗೆ ಲೋಬ್ ಏಳಬಹುದು. ಸಮಾನ ಶಕ್ತಿ ಹಂಚಿದ ಎಂಟು ಡೈಪೋಲುಗಳ ಸಾಲಿನಲ್ಲಿ ಮೊದಲ ಪಕ್ಕದ ಲೋಬೇ 13 ಡಿಬಿ ಕೆಳಗಿರುತ್ತದೆ. ಹೀಗಿರುವಾಗ ಆರು ಬಿಟ್ ಯಾರಿಗೆ? ಕೈಯಲ್ಲಿ ಬೆಸುಗೆ ಹಾಕಿದ ಬೋರ್ಡಿನಲ್ಲಿ ಐದು ಡಿಗ್ರಿ ಅತ್ತಿತ್ತ ಆಗುವುದು ಸಹಜವಾಗಿರುವಾಗ 5.6 ಡಿಗ್ರಿಯ ಬಿಟ್ಟು ಅಲಂಕಾರಕ್ಕೆ ಮಾತ್ರ.

ಚಿಪ್ಪಿನ ಬಗ್ಗೆ ನಿಮ್ಮ ಮಾತು ಸರಿ, ಆದರೆ ಅದು ಆರಂಭವಾಗುವುದೇ 8 ಗಿಗಾಹರ್ಟ್ಸ್‌ನಲ್ಲಿ, ಪ್ರಶ್ನೆ ಇರುವುದು 3ರಲ್ಲಿ.

ಹಳೆಯ ಫೆರೈಟ್
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಎಲ್ಲರೂ ಡಯೋಡ್ ಮತ್ತು ಚಿಪ್ಪಿನಲ್ಲೇ ಇದ್ದೀರಿ. ಬೀಮನ್ನು ವಿದ್ಯುತ್ತಿನಿಂದ ತಿರುಗಿಸುವ ಕೆಲಸವನ್ನು ಆರಂಭದ ದಿನಗಳಲ್ಲಿ ಹೊತ್ತದ್ದು ಫೆರೈಟ್ (ಕಾಂತಗುಣದ ಪಿಂಗಾಣಿ). 1947ರಲ್ಲಿ ಫಾಕ್ಸ್ ಅವರು, ಅಲೆಯನ್ನು ಲೋಹದ ಕೊಳವೆಯಲ್ಲಿ ಸಾಗಿಸುವ, ಕೈಯಲ್ಲಿ ತಿರುಗಿಸುವ ವೇವ್‌ಗೈಡ್ ಫೇಸ್ ಶಿಫ್ಟರನ್ನು ಪ್ರಕಟಿಸಿದರು. 1957ರಲ್ಲಿ ರೆಗ್ಗಿಯಾ ಮತ್ತು ಸ್ಪೆನ್ಸರ್ ವೇವ್‌ಗೈಡಿನ ನಡುವೆ ಫೆರೈಟ್ ಕಡ್ಡಿ ಇಟ್ಟು, ಸುತ್ತ ಸುರುಳಿ ಸುತ್ತಿ, ವಿದ್ಯುತ್ತಿನಿಂದಲೇ ಫೇಸ್ ಸರಿಸಿ ತೋರಿಸಿದರು. ಆಮೇಲೆ ಬಂದ ಟೊರಾಯ್ಡ್ (ಉಂಗುರದಂಥ ಫೆರೈಟ್) ಬಗೆಯಲ್ಲಿ ಕರೆಂಟನ್ನು ಹಿಡಿದುಕೊಂಡಿರಬೇಕಾಗಿಲ್ಲ. ಕೆಲವು ಮೈಕ್ರೊಸೆಕೆಂಡುಗಳ ಒಂದು ಪಲ್ಸ್ ಕೊಟ್ಟರೆ ಸಾಕು, ಫೆರೈಟಿನಲ್ಲಿ ಉಳಿದ ಕಾಂತತ್ವವೇ ಫೇಸನ್ನು ನೆನಪಿಟ್ಟುಕೊಳ್ಳುತ್ತದೆ. ನಷ್ಟ ಒಂದು ಡಿಬಿಯ ಆಸುಪಾಸು, ತಾಳುವ ಶಕ್ತಿ ಕಿಲೋವಾಟ್‌ಗಳಲ್ಲಿ.

ನಮ್ಮಲ್ಲಿಯೂ ಇದು ನಡೆದಿದೆ. ಆಕಾಶ್ ಕ್ಷಿಪಣಿ ವ್ಯವಸ್ಥೆಯ ರಾಜೇಂದ್ರ ರಾಡಾರ್ ರೂಪುಗೊಂಡದ್ದು ಡಿಆರ್‌ಡಿಒದ ರಾಡಾರ್ ಪ್ರಯೋಗಾಲಯವಾದ ಬೆಂಗಳೂರಿನ ಎಲ್‌ಆರ್‌ಡಿಇಯಲ್ಲಿ, ಅದರ ಫೆರೈಟ್ ಫೇಸ್ ಶಿಫ್ಟರುಗಳ ಅಭಿವೃದ್ಧಿ ನಡೆದದ್ದು ದೆಹಲಿ ಐಐಟಿಯ ಕೇರ್ (ಅನ್ವಯಿಕ ಎಲೆಕ್ಟ್ರಾನಿಕ್ಸ್ ಸಂಶೋಧನೆ) ಕೇಂದ್ರದಲ್ಲಿ, ಪ್ರೊ. ಭಾರತಿ ಭಟ್ ಮತ್ತು ಅವರ ತಂಡದಿಂದ. ತಯಾರಿಕೆ ಸಾಹಿಬಾಬಾದಿನ ಸರ್ಕಾರಿ ಕಂಪನಿ ಸಿಇಎಲ್‌ನಲ್ಲಿ.

ಅರ್ಧತರಂಗ
ಸರ್, ಹಾಗಿದ್ದರೆ ಎಲ್ಲರೂ ಫೆರೈಟನ್ನೇ ಏಕೆ ಬಳಸುವುದಿಲ್ಲ?

ಹಳೆಯ ಫೆರೈಟ್
ತೂಕ, ಬೆಲೆ, ಉಷ್ಣ. ಬಿಸಿಯೇರಿದಂತೆ ಫೆರೈಟಿನ ಕಾಂತತ್ವ ಇಳಿಯುತ್ತದೆ, ಬೆಳಿಗ್ಗೆ ಹೊಂದಿಸಿಟ್ಟ ಫೇಸ್ ಮಧ್ಯಾಹ್ನಕ್ಕೆ ಅದೇ ಆಗಿರುವುದಿಲ್ಲ. ಅದನ್ನು ತಡೆಯಲೆಂದೇ ಡ್ರೈವರಿನಲ್ಲಿ ಕರೆಂಟಿನ ಬದಲು ಫ್ಲಕ್ಸನ್ನು ಅಳೆದು ಕೊಡುವ ಉಪಾಯ ಮಾಡುತ್ತಾರೆ. ಇನ್ನೊಂದು ತೊಡಕು, ಟೊರಾಯ್ಡ್ ಬಗೆ ಹೋಗುವ ದಾರಿಯಲ್ಲಿ ಕೊಡುವ ಫೇಸನ್ನು ಬರುವ ದಾರಿಯಲ್ಲಿ ಕೊಡುವುದಿಲ್ಲ. ರಾಡಾರ್ ಪಲ್ಸ್ ಕಳಿಸಿದ ಕೂಡಲೇ, ಪ್ರತಿಧ್ವನಿ ಬರುವುದರೊಳಗೆ, ಸಾವಿರಾರು ಶಿಫ್ಟರುಗಳನ್ನೂ ಮರಳಿ ಹೊಂದಿಸಬೇಕು. ಡ್ಯುಯಲ್ ಮೋಡ್ ಬಗೆಯಲ್ಲಿ ಆ ಕಷ್ಟವಿಲ್ಲ, ಆದರೆ ಅದು ನಿಧಾನ. ನಿಮ್ಮ ಎಂಟು ಡೈಪೋಲುಗಳಿಗೆ ಇದು ಬೇಡ. ಡಯೋಡ್ ಸಾಕು.

ಉದಕಮಂಡಲ
ಡಯೋಡ್ ಸಾಕು ಎಂಬುದಕ್ಕೆ ನನ್ನ ಬಳಿ 1056 ಸಾಕ್ಷಿಗಳಿವೆ. ಊಟಿಯ ರೇಡಿಯೊ ದೂರದರ್ಶಕ 530 ಮೀಟರ್ ಉದ್ದ, 30 ಮೀಟರ್ ಅಗಲ. ಸುಮಾರು 11 ಡಿಗ್ರಿ ವಾಲಿದ ಗುಡ್ಡದ ಮೇಲೆ ಉತ್ತರ-ದಕ್ಷಿಣವಾಗಿ ಮಲಗಿದೆ. ಆ ವಾಲಿಕೆ ಅಲ್ಲಿನ ಅಕ್ಷಾಂಶಕ್ಕೆ ಸಮನಾದ್ದರಿಂದ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ, ಪೂರ್ವ-ಪಶ್ಚಿಮಕ್ಕೆ ಯಂತ್ರದಿಂದ ಹೊರಳಿಸಿದರೆ ಸಾಕು. ಉತ್ತರ-ದಕ್ಷಿಣಕ್ಕೆ ಮಾತ್ರ ಬೀಮನ್ನು ವಿದ್ಯುತ್ತಿನಿಂದಲೇ ತಿರುಗಿಸಬೇಕು. ಅದಕ್ಕಾಗಿ 1056 ಡೈಪೋಲುಗಳಲ್ಲಿ ಒಂದೊಂದರ ಹಿಂದೆಯೂ ನಾಲ್ಕು ಬಿಟ್‌ಗಳ ಪಿನ್ ಡಯೋಡ್ ಫೇಸ್ ಶಿಫ್ಟರ್ ಹಾಕಿದರು. ಅದೇ ನಾಲ್ಕು ಬಿಟ್, ಬಸವ ಅವರೇ.

ಬಿಟ್ ಬಸವ
ಅದು 326.5 ಮೆಗಾಹರ್ಟ್ಸ್, ಮೈಕ್ರೊವೇವ್ ಅಲ್ಲ.

ಉದಕಮಂಡಲ
ಡಿಗ್ರಿಯ ಲೆಕ್ಕಕ್ಕೆ ಆವೃತ್ತಿಯ ಹಂಗಿಲ್ಲ. ಡೈಪೋಲುಗಳು ಹೆಚ್ಚಿದಷ್ಟೂ ಒಂದೊಂದರ ತಪ್ಪು ಸರಾಸರಿಯಲ್ಲಿ ಕರಗುತ್ತದೆ. ನಿಮ್ಮ ಆಕ್ಷೇಪಣೆಗೆ ಬಲ ಬರುವುದು ಎಂಟೇ ಇರುವಾಗ, ಅದನ್ನು ಒಪ್ಪುತ್ತೇನೆ.

ಡಯೋಡ್ ದಾಸ
ಬಯಾಸಿನ ಕರೆಂಟು ಲೆಕ್ಕ ಹಾಕಿದ್ದೀರಾ? ಡಯೋಡಿಗೆ 10 ಮಿಲಿಆಂಪಿಯರ್, ಬಿಟ್ಟಿಗೆ ಎರಡು ಡಯೋಡು ಉರಿಯುತ್ತವೆ, ನಾಲ್ಕು ಬಿಟ್, ಎಂಟು ಡೈಪೋಲ್. ಒಟ್ಟು 640 ಮಿಲಿಆಂಪಿಯರ್ ಸದಾ ಹರಿಯುತ್ತಿರುತ್ತದೆ. ಒಂದು ಕಾಲದಲ್ಲಿ ನನ್ನ ಬಯಾಸ್ ರೆಸಿಸ್ಟರುಗಳು ಡೈಪೋಲುಗಳಿಗಿಂತ ಹೆಚ್ಚು ಶಾಖವನ್ನು ಹೊರಸೂಸಿದ್ದವು.

ಅರ್ಧತರಂಗ
ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಬೋರ್ಡು ಮಾಡಿಕೊಡುವವರು ಮೊದಲ ಬಾರಿ ಬೇರೆ ದಪ್ಪದ ಹಾಳೆಯ ಮೇಲೆ ಕೊರೆದು ಕಳಿಸಿದ್ದರಿಂದ ತಡವಾಯಿತು. 60 ಮತ್ತು 240ರ ತೋಳುಗಳನ್ನು ಹಾಕಿದ್ದೇನೆ, ಚೋಕ್ ಬದಲಿಗೆ ಕಾಲುತರಂಗದ ಸಣ್ಣ ಗೆರೆ ಮತ್ತು ಬೀಸಣಿಗೆಯಾಕಾರದ ಸ್ಟಬ್ (ತೆರೆದ ತುದಿಯ ತಾಮ್ರದ ಗೆರೆ) ಇಟ್ಟಿದ್ದೇನೆ. ಪಟ್ಟಿಯೊಳಗೆ ಗುಂಡಿ ಇಲ್ಲ. ಕುತೂಹಲಕ್ಕೆಂದು ಕೆಳಗಿನವರೆಗೂ ಅಳೆದಾಗ ಅದು 2.1 ಗಿಗಾಹರ್ಟ್ಸ್‌ನಲ್ಲಿ ಸಿಕ್ಕಿತು, ಶಿವಮೊಗ್ಗದವರು ಹೇಳಿದ ಜಾಗದಲ್ಲೇ. 3ರಲ್ಲಿ ನಷ್ಟ ಗಿಡ್ಡ ತೋಳಿನಲ್ಲಿ 0.5, ಉದ್ದ ತೋಳಿನಲ್ಲಿ 0.8 ಡಿಬಿ. ಆದರೆ ಫೇಸ್ ವ್ಯತ್ಯಾಸ 180 ಬರುವ ಬದಲು 174 ಬಂದಿದೆ. ಉದ್ದವನ್ನು ಎರಡು ಬಾರಿ ಅಳೆದೆ, ಅದು ಸರಿಯಾಗಿದೆ.

ಸ್ಮಿತ್‌ಚಾರ್ಟ್ ಅಕ್ಕ
ಉದ್ದ ತೋಳಿನಲ್ಲಿ ಎಷ್ಟು ಬಾಗುಗಳಿವೆ, ಗಿಡ್ಡ ತೋಳಿನಲ್ಲಿ ಎಷ್ಟು?

ಅರ್ಧತರಂಗ
ಉದ್ದ ತೋಳಿನಲ್ಲಿ ಆರು, ಗಿಡ್ಡ ತೋಳಿನಲ್ಲಿ ಎರಡು. ಎಲ್ಲವುಗಳ ಮೂಲೆಯನ್ನೂ ಓರೆಯಾಗಿ ಕತ್ತರಿಸಿದ್ದೇನೆ.

ಸ್ಮಿತ್‌ಚಾರ್ಟ್ ಅಕ್ಕ
ಮೂಲೆ ಕತ್ತರಿಸಿದ ಬಾಗಿನಲ್ಲಿ ಅಲೆ ನಡುಗೆರೆಯನ್ನು ಹಿಡಿದು ಹೋಗುವುದಿಲ್ಲ, ಒಳಮೈಯನ್ನು ಸವರಿಕೊಂಡು ಹೋಗುತ್ತದೆ. ಹೆಚ್ಚಿಗೆ ಇರುವ ನಾಲ್ಕು ಬಾಗುಗಳು ತಲಾ ಒಂದೂವರೆ ಡಿಗ್ರಿ ಕದ್ದಿವೆ. ಉದ್ದ ತೋಳಿಗೆ 0.9 ಮಿ.ಮೀ. ಸೇರಿಸಿ.

ಅರ್ಧತರಂಗ
ಸದ್ಯಕ್ಕೆ ತಾಮ್ರದ ಪಟ್ಟಿಯ ತುಂಡನ್ನು ಬೆಸುಗೆ ಹಾಕಿ ನೋಡುತ್ತೇನೆ. ಉಳಿದ ಏಳು ಬೋರ್ಡುಗಳನ್ನು ಇನ್ನೂ ಕಳಿಸಿಲ್ಲ.